ಫ್ಲೈವೀಲಿಗೆ ಘನ ಎತ್ತುವ ಮುಂಚೆ: ಮರೋಳ ಸುತ್ತಿನ ಮಿಸ್ತ್ರಿಗಳಿಗೆ ಬಹಿರಂಗ ಪತ್ರ

ಮರೋಳ, ಹುನಗುಂದ, ಇಳಕಲ್, ಅಮೀನಗಡ, ಬಾದಾಮಿ ಕಡೆಯ ಗ್ಯಾರೇಜು ಮಿಸ್ತ್ರಿಗಳಿಗೆ, ಅವರ ಕೈಕೆಳಗೆ ಕೆಲಸ ಕಲಿಯುತ್ತಿರುವ ತಮ್ಮಂದಿರಿಗೆ,

ಮಳೆ ಹಿಂದೆ ಸರಿದು ಹಿಂಗಾರಿ ಬಿತ್ತನೆಗೆ ಎರಿ ಹೊಲ ಹದಕ್ಕೆ ಬರುವ ಹೊತ್ತಿಗೆ ನಿಮ್ಮ ಗ್ಯಾರೇಜಿನ ಮುಂದೆ ಎಂಥ ಗಾಡಿಗಳು ಬಂದು ನಿಲ್ಲುತ್ತವೆ ಎಂಬುದು ನಿಮಗೇ ಗೊತ್ತು. ನಾಲ್ಕು ತಿಂಗಳು ಕಣದ ಮೂಲೆಯಲ್ಲಿ ತಾಡಪತ್ರಿ ಹೊದ್ದು ನಿಂತ ಟ್ರ್ಯಾಕ್ಟರು, ಗ್ರಾನೈಟ್ ಕ್ವಾರಿಯಲ್ಲಿ ಓಡಾಡಿ ಸವೆದ ಹಳೇ ಮಹೀಂದ್ರ 540 ಜೀಪು, ಪವರ್ ಟಿಲ್ಲರು, ಹೊಳೆದಂಡೆಯ ಪಂಪಿನ ಇಂಜಿನ್ನು. ಒಂದರ ಕ್ಲಚ್ ಹಿಡಿದಿರುತ್ತದೆ, ಇನ್ನೊಂದರ ಹಿಂದಿನ ಆಯಿಲ್ ಸೀಲ್ ಸೋರುತ್ತಿರುತ್ತದೆ, ಮತ್ತೊಂದರ ರಿಂಗ್ ಗೇರಿನ ಹಲ್ಲು ಸವೆದು ಸ್ಟಾರ್ಟರು ಸುಮ್ಮನೆ ತಿರುಗುತ್ತಿರುತ್ತದೆ. ಕಾರಣ ಯಾವುದಿದ್ದರೂ ಕೊನೆಗೆ ಬಿಚ್ಚಬೇಕಾದದ್ದು ಫ್ಲೈವೀಲನ್ನೇ. ಬೋಲ್ಟುಗಳೆಲ್ಲ ಬಿಚ್ಚಿ ಕೈಗೆ ಬಂದಿರುತ್ತವೆ, ಫ್ಲೈವೀಲ್ ಮಾತ್ರ ಕ್ರ್ಯಾಂಕಿಗೆ ಬೆಸುಗೆ ಹಾಕಿದ ಹಾಗೆ ಕೂತಿರುತ್ತದೆ. ಗಾಡಿಯ ಮಾಲಕರಿಗೆ ಖಂಡೇಪೂಜೆಗೆ ಗಾಡಿ ಮನೆ ಮುಂದೆ ನಿಲ್ಲಬೇಕು, ಮರುದಿನ ಬಿತ್ತಲಿಕ್ಕೆ ಹೋಗಬೇಕು. ಅವರು ಪಕ್ಕದಲ್ಲೇ ನಿಂತು ಹೇಳುವ ಮಾತು ಒಂದೇ: “ಒಂದ ಏಟ ಹಾಕ್ರಿ ಮಿಸ್ತ್ರಿ, ಬರತೈತಿ.”

ಆ ಒಂದು ಏಟನ್ನು ಹಾಕಬೇಡಿರೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಫ್ಲೈವೀಲ್ ಸಾಮಾನ್ಯವಾಗಿ ಬೀಡು ಕಬ್ಬಿಣದ್ದು. ಬೀಡು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತ ಮತ್ತು ಪೆಟ್ಟನ್ನು ತಾಳುವುದಿಲ್ಲ. ಅದರೊಳಗಿನ ಇಂಗಾಲ ತೆಳ್ಳನೆ ಪದರಗಳಾಗಿ ಹರಡಿಕೊಂಡಿರುತ್ತದೆ. ಪೆಟ್ಟು ಬಿದ್ದಾಗ ಬಿರುಕು ಆ ಪದರದಿಂದ ಪದರಕ್ಕೆ ಹಾದಿ ಹಿಡಿಯುತ್ತದೆ. ಉಕ್ಕಾದರೆ ತಗ್ಗು ಬೀಳುತ್ತದೆ, ಬಾಗುತ್ತದೆ, ಕಣ್ಣಿಗೆ ಕಾಣುತ್ತದೆ. ಬೀಡು ಹಾಗಲ್ಲ, ಬಾಗದೆ ಒಳಗೊಳಗೇ ಸೀಳುತ್ತದೆ. ಅಂಚಿನ ಮೇಲೆ ಘನದಿಂದ ಹೊಡೆದಾಗ ಫ್ಲೈವೀಲ್ ಹೊರಬಂದೀತು, ಆ ದಿನ ಎಲ್ಲರಿಗೂ ಖುಷಿಯೂ ಆದೀತು. ಆದರೆ ಬೋಲ್ಟಿನ ತೂತಿನ ಸುತ್ತ ಹುಟ್ಟಿದ ಬಿರುಕು ಹಾಗೇ ಉಳಿದು, ಹೊಸ ಕ್ಲಚ್ ಪ್ಲೇಟಿನ ಹಿಂದೆ ಮುಚ್ಚಿಹೋಗಿ, ಗಾಡಿಯ ಜೊತೆಗೇ ಹೊರಟುಬಿಡುತ್ತದೆ.

ಮುಂದೆ ಆಗುವುದನ್ನು ಲೆಕ್ಕ ಹಾಕಿ ನೋಡೋಣ. ಫ್ಲೈವೀಲಿನ ಅಗಲ 300 ಮಿ.ಮೀ. ಎಂದಿಟ್ಟುಕೊಳ್ಳಿ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅದರ ಅಂಚು ಸೆಕೆಂಡಿಗೆ 47 ಮೀಟರ್ ಓಡುತ್ತಿರುತ್ತದೆ, ಅಂದರೆ ಗಂಟೆಗೆ ಸುಮಾರು 170 ಕಿಲೋಮೀಟರ್. ಸುತ್ತು ಎರಡು ಪಟ್ಟಾದರೆ ಅಂಚನ್ನು ಹೊರಕ್ಕೆ ಜಗ್ಗುವ ಬಲ ನಾಲ್ಕು ಪಟ್ಟಾಗುತ್ತದೆ. ಉಗಿ ಇಂಜಿನ್ನಿನ ಕಾಲದ ಗಿರಣಿಗಳಲ್ಲಿ ದೊಡ್ಡ ಬೀಡಿನ ಚಕ್ರಗಳು ಸಿಡಿದು ಗೋಡೆ, ಚಾವಣಿ ಹಾರಿಸಿಕೊಂಡು ಹೋಗಿ ಜನ ಸತ್ತದ್ದುಂಟು. ಆ ಅನುಭವದಿಂದಲೇ ಬೀಡಿನ ಚಕ್ರದ ಅಂಚು ಸೆಕೆಂಡಿಗೆ 30 ಮೀಟರ್ ಆಸುಪಾಸಿನಲ್ಲೇ ಇರಬೇಕೆಂಬ ಕಟ್ಟಳೆ ಇಂಜಿನಿಯರುಗಳಲ್ಲಿ ಬಂತು. ಇಂದಿನ ಗಾಡಿಯ ಫ್ಲೈವೀಲ್ ಕಡ್ಡಿಗಳಿಲ್ಲದ, ಒಂದೇ ಎರಕದ ಗಟ್ಟಿ ಬಿಲ್ಲೆ. ಹಾಗಾಗಿ ಅದಕ್ಕಿಂತ ಹೆಚ್ಚಿನ ವೇಗ ತಾಳುತ್ತದೆ, ಇಡಿಯಾಗಿ ಇರುವ ತನಕ ಮಾತ್ರ. ಜೀಪಿನಲ್ಲಿ ಅದು ತಿರುಗುವ ಜಾಗವನ್ನೂ ನೆನೆಯಿರಿ. ಬೆಲ್ ಹೌಸಿಂಗ್ ಇರುವುದು ಡ್ರೈವರನ ಕಾಲಿನ ಹತ್ತಿರ, ನಡುವೆ ತೆಳು ತಗಡು. ಕ್ವಾರಿಯ ಏರಿನಲ್ಲಿ ಫೋರ್‌ವೀಲ್ ಹಾಕಿ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗಲೇ ಆ ಬಿರುಕು ಬಾಯಿ ಬಿಡುವುದು.

ಹಾಗಾದರೆ ತುಕ್ಕು ಇಷ್ಟು ಬಿಗಿಯಾಗಿ ಯಾಕೆ ಹಿಡಿಯುತ್ತದೆ? ತುಕ್ಕು ಹುಟ್ಟುವಾಗ ಕಬ್ಬಿಣ ಗಾಳಿಯನ್ನೂ ನೀರನ್ನೂ ಕೂಡಿಸಿಕೊಂಡು ತನ್ನ ಮೂಲ ಗಾತ್ರಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಉಬ್ಬುತ್ತದೆ. ಕ್ರ್ಯಾಂಕಿನ ಫ್ಲೇಂಜು ಮತ್ತು ಫ್ಲೈವೀಲಿನ ತೂತಿನ ನಡುವೆ ಇರುವ ಸಂದೇ ಬಹಳ ಕಡಿಮೆ. ಆ ಸಂದಿನಲ್ಲಿ ತುಕ್ಕು ಉಬ್ಬಿದಾಗ, ಇಳಕಲ್ಲಿನ ಬಂಡೆ ಒಡೆಯುವವರು ತೂತಿಗೆ ಹೊಡೆಯುವ ಬೆಣೆಯ ಹಾಗೆ ಅದು ಎರಡೂ ಕಡೆ ಒತ್ತಿ ಕೂರುತ್ತದೆ. ಡೋವೆಲ್ ಪಿನ್ನುಗಳ ಸುತ್ತಲೂ ಅದೇ ಕಥೆ. ನಮ್ಮ ಎರಿ ಮಣ್ಣು ಇದಕ್ಕೆ ಇನ್ನಷ್ಟು ನೆರವಾಗುತ್ತದೆ. ಬೆಲ್ ಹೌಸಿಂಗಿನ ತಳದ ಕಿಂಡಿಗೆ ಮೆತ್ತಿಕೊಂಡ ಎರಿ ಕೆಸರು ವಾರಗಟ್ಟಲೆ ಹಸಿ ಬಿಡುವುದಿಲ್ಲ, ಒಳಗಿನ ಹವೆ ಹೊರಗೆ ಹೋಗುವುದಿಲ್ಲ.

ನೆರೆಯಲ್ಲಿ ಮುಳುಗಿದ ಇಂಜಿನ್ನುಗಳದ್ದು ಬೇರೆಯೇ ಪಾಡು. 2009ರಲ್ಲಿ ಮಲಪ್ರಭೆ ಬಂದದ್ದು, 2019ರ ಆಗಸ್ಟಿನಲ್ಲಿ ಪಟ್ಟದಕಲ್ಲು, ಐಹೊಳೆ ಕಡೆಯ ಊರುಗಳಿಗೆ ನೀರು ನುಗ್ಗಿದ್ದು ಯಾರೂ ಮರೆತಿಲ್ಲ. ಅಂಥ ನೀರಿನಲ್ಲಿ ನಿಂತ ಗಾಡಿ ಬಂದರೆ ಮೊದಲು ಫ್ಲೈವೀಲಿಗೂ ಹೋಗಬೇಡಿ, ಸ್ಟಾರ್ಟರಿಗೂ ಕೈ ಹಾಕಬೇಡಿ. ನಾಝಲ್ ಬಿಚ್ಚಿ ಸಿಲಿಂಡರಿನ ನೀರು ಹೊರಗೆ ಹೋಗಲು ದಾರಿ ಮಾಡಿ, ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೋಡಿ. ನೀರು ಗಾಳಿಯ ಹಾಗೆ ಅಮುಕುವುದಿಲ್ಲ. ಸ್ಟಾರ್ಟರು ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಜಿನ್ ತಿರುಗದಿದ್ದರೆ ಹಿಡಿದದ್ದು ಪಿಸ್ಟನ್ನೋ, ಕ್ಲಚ್ಚೋ ಎಂದು ಮೊದಲು ಗೊತ್ತುಮಾಡಿಕೊಂಡು ಮುಂದಿನ ಕೆಲಸ.

ಇನ್ನು ಜೀಪಿನದ್ದು. ಪ್ರೆಶರ್ ಪ್ಲೇಟು ಬಿಚ್ಚುವಾಗ ಬೋಲ್ಟುಗಳನ್ನು ಸುತ್ತಲೂ ಒಂದೊಂದೇ ಸುತ್ತು ಸಡಿಲಿಸುತ್ತ ಬರಬೇಕು, ಇಲ್ಲದಿದ್ದರೆ ಕವರ್ ಸೊಟ್ಟಗಾಗುತ್ತದೆ. ಹಳೇ ಕ್ಲಚ್ ಪ್ಲೇಟಿನ ಲೈನಿಂಗಿನಲ್ಲಿ ಕಲ್ನಾರು ಇರಬಹುದು. ಕಂಪ್ರೆಸರ್ ಗಾಳಿಯಿಂದ ಅದರ ಪುಡಿ ಊದುವ ರೂಢಿಯನ್ನು ದಯವಿಟ್ಟು ಬಿಡಿ. ಕಲ್ನಾರಿನ ಎಳೆ ಎದೆಗೂಡಿಗೆ ಹೊಕ್ಕರೆ ಹೊರಗೆ ಬರುವುದಿಲ್ಲ, ಅದರ ರೋಗ ಕಾಣುವುದು ಹತ್ತಾರು ವರ್ಷ ಬಿಟ್ಟು. ಒದ್ದೆ ಅರಿವೆಯಿಂದ ಒರೆಸಿ, ಆ ಅರಿವೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ನಿಮ್ಮ ಪಕ್ಕದಲ್ಲಿ ಟಾರ್ಚ್ ಹಿಡಿದು ಬಗ್ಗಿ ನಿಂತಿರುವವನು ಹದಿನೇಳು ಹದಿನೆಂಟರ ಹುಡುಗ ಎಂಬುದು ನೆನಪಿರಲಿ.

ಕ್ರ್ಯಾಂಕ್ ಬೋಲ್ಟುಗಳನ್ನು ಬಿಚ್ಚುವ ಮುಂಚೆ ಫ್ಲೈವೀಲಿಗೂ ಫ್ಲೇಂಜಿಗೂ ಸೇರಿಸಿ ಚಾಣದಿಂದ ಸಣ್ಣ ಗುರುತು ಹಾಕಿ, ಮರಳಿ ಕೂರಿಸುವಾಗ ಟೈಮಿಂಗ್ ಗುರುತು ಸರಿಯಾದ ಜಾಗಕ್ಕೇ ಬರಬೇಕು. ಎದುರುಬದುರಿನ ಎರಡು ಬೋಲ್ಟುಗಳನ್ನು ಪೂರ್ತಿ ತೆಗೆಯದೆ ಮೂರ್ನಾಲ್ಕು ಸುತ್ತು ಸಡಿಲ ಬಿಟ್ಟುಬಿಡಿ. ಹತ್ತು ಕಿಲೋ ಮೀರಿದ ತೂಕ ಒಮ್ಮೆಲೇ ಕಳಚಿಕೊಂಡಾಗ ನಿಮ್ಮ ಕಾಲಬೆರಳನ್ನೂ ಕೈಯನ್ನೂ ಕಾಯುವುದು ಆ ಎರಡು ಬೋಲ್ಟುಗಳೇ.

ಈಗ ಫ್ಲೈವೀಲಿನ ಮುಖವನ್ನು ವೈರ್ ಬ್ರಷ್ಷಿನಿಂದ ಉಜ್ಜಿ ನೋಡಿ. ಎಷ್ಟೋ ಫ್ಲೈವೀಲುಗಳಲ್ಲಿ ಬೋಲ್ಟಿನ ತೂತುಗಳಲ್ಲದೆ ಥ್ರೆಡ್ ಹಾಕಿದ ಬೇರೆ ಎರಡು ತೂತುಗಳಿರುತ್ತವೆ. ಮಣ್ಣು, ತುಕ್ಕು, ಲೈನಿಂಗಿನ ಪುಡಿ ಸೇರಿ ಅವು ಮುಖಕ್ಕೆ ಸಮನಾಗಿ ಮುಚ್ಚಿಕೊಂಡಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಕಂಪನಿಯವರು ಅವನ್ನು ಕೊರೆದಿಟ್ಟದ್ದೇ ಬಿಚ್ಚುವ ಕೆಲಸಕ್ಕೆ. ಒಂದು ಮೊಳೆಯಿಂದ ಕೆರೆದು, ಟ್ಯಾಪ್ ಓಡಿಸಿ ಥ್ರೆಡ್ ಸ್ವಚ್ಛ ಮಾಡಿ, ಎರಡು ಒಳ್ಳೇ ಬೋಲ್ಟು ಹಾಕಿ. ಬೋಲ್ಟಿನ ತುದಿ ಹಿಂದಿನ ಫ್ಲೇಂಜಿಗೆ ತಾಕಿದ ಮೇಲೆ ಪಾನಾ ಹಿಡಿದು ಒಂದನ್ನು ಕಾಲು ಸುತ್ತು, ಇನ್ನೊಂದನ್ನು ಕಾಲು ಸುತ್ತು. ಒಂದೇ ಕಡೆ ಬಿಗಿದರೆ ಫ್ಲೈವೀಲ್ ಓರೆಯಾಗಿ ಮೊದಲಿಗಿಂತ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ. ಬಿಗಿ ಬಂದ ಮೇಲೆ ಜಗ್ಗಾಡಬೇಡಿ. ಸಂದಿಗೆ, ಡೋವೆಲ್ ಪಿನ್ನಿನ ಸುತ್ತ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಹಾಗೇ ಇರಲಿ ಬಿಡಿ. ರಾತ್ರಿಯೆಲ್ಲ ಬಿಟ್ಟರೂ ನಷ್ಟವಿಲ್ಲ. ಬೆಳಿಗ್ಗೆ ಬಂದು ಇನ್ನೊಂದು ಕಾಲು ಸುತ್ತು ಕೊಡುವಾಗ “ಟಕ್” ಎಂದು ಸದ್ದಾಗುತ್ತದೆ. ಕೆಲಸದ ಅರ್ಧ ಅಲ್ಲಿಗೆ ಮುಗಿಯಿತು.

ಥ್ರೆಡ್ ತೂತು ಇಲ್ಲದ ಫ್ಲೈವೀಲಾದರೆ ದಪ್ಪ ಉಕ್ಕಿನ ಪಟ್ಟಿಯ ಪುಲ್ಲರ್ ಬೇಕಾಗುತ್ತದೆ. ಅದರ ಬೋಲ್ಟುಗಳು ಪ್ರೆಶರ್ ಪ್ಲೇಟಿನ ತೂತುಗಳಿಗೆ, ನಡುವಿನ ಸ್ಕ್ರೂ ಕ್ರ್ಯಾಂಕಿನ ನಡುವಿಗೆ. ಆದರೆ ನಡುವೆ ಪೈಲಟ್ ಬೇರಿಂಗ್ ಇರುತ್ತದೆ. ಸ್ಕ್ರೂ ಅದರ ಮೇಲೆ ಕೂರದ ಹಾಗೆ ಫ್ಲೇಂಜಿನ ಮುಖಕ್ಕೆ ಆನಿಸಿ ದಪ್ಪ ಬಿಲ್ಲೆಯೊಂದನ್ನು ಇಡಬೇಕು. ಹಾರಿ ತುರುಕಿ ಇಂಜಿನ್ ಬ್ಲಾಕಿಗೆ ಆನಿಸಿ ಮೀಟುವುದು ಬೇಡವೇ ಬೇಡ. ಹಿಂದಿನ ಪ್ಲೇಟು ಬಾಗುತ್ತದೆ, ಇಲ್ಲವೇ ಸೀಲಿನ ಮನೆ ಒಡೆಯುತ್ತದೆ. ಎಲ್ಲ ಬಲವೂ ಕ್ರ್ಯಾಂಕಿನ ನೇರದಲ್ಲೇ ಇರಬೇಕು, ಅಡ್ಡಡ್ಡ ಅಲ್ಲ.

ಇಷ್ಟಕ್ಕೂ ಬರದಿದ್ದರೆ ಬಿಸಿ. ಕಬ್ಬಿಣ ಬಿಸಿಗೆ ಹಿಗ್ಗುವ ಲೆಕ್ಕ ಎಲ್ಲ ಮಿಸ್ತ್ರಿಗಳಿಗೂ ಗೊತ್ತಿರಬೇಕಾದದ್ದು. 100 ಮಿ.ಮೀ. ತೂತಿನ ಸುತ್ತಲಿನ ಬೀಡನ್ನು ಕ್ರ್ಯಾಂಕಿಗಿಂತ 100 ಡಿಗ್ರಿ ಹೆಚ್ಚು ಬಿಸಿ ಮಾಡಿದರೆ ತೂತು ಸುಮಾರು 0.11 ಮಿ.ಮೀ. ಅಗಲವಾಗುತ್ತದೆ. ತುಕ್ಕಿನ ಹಿಡಿತ ಬಿಡಿಸಲು ಅಷ್ಟು ಸಾಕು. ಬಿಸಿ ಮಾಡಬೇಕಾದದ್ದು ಫ್ಲೈವೀಲಿನ ನಡುಭಾಗವನ್ನು, ಕ್ರ್ಯಾಂಕನ್ನಲ್ಲ. ಗ್ಯಾಸಿನ ಬೆಂಕಿಯನ್ನು ಒಂದೇ ಕಡೆ ಹಿಡಿಯದೆ ಸುತ್ತುತ್ತಲೇ ಇರಬೇಕು. ನೀರಿನ ಹನಿ ಬಿದ್ದ ತಕ್ಷಣ ಚುರ್ ಎಂದು ಹಾರಿಹೋದರೆ ಸಾಕು, ಕೆಂಪಗಾಗುವ ತನಕ ಹೋಗುವುದು ಬೇಡ. ಬೆಂಕಿ ಅಂಚಿಗೆ ಹೋದರೆ ರಿಂಗ್ ಗೇರ್ ಸಡಿಲವಾದೀತು, ಅದನ್ನು ಕೂರಿಸಿರುವುದೇ ಕಾಯಿಸಿ ಹಿಗ್ಗಿಸಿ. ಬಿಸಿ ಮಾಡಿ ತಡಮಾಡದೆ ಬೋಲ್ಟು ಬಿಗಿಯಿರಿ, ತಡವಾದರೆ ಕ್ರ್ಯಾಂಕೂ ಬಿಸಿಯಾಗಿ ಸಂದು ಮುಚ್ಚುತ್ತದೆ. ಹಿಂದಿನ ಆಯಿಲ್ ಸೀಲ್ ಹೇಗೂ ಸುಡುತ್ತದೆ, ಹೊಸದನ್ನು ಮೊದಲೇ ತರಿಸಿಟ್ಟುಕೊಳ್ಳಿ. ಬಿಸಿ ಬೀಡಿನ ಮೇಲೆ ನೀರು ಸುರಿಯಬೇಡಿ, ಸಿಡಿಯುತ್ತದೆ.

ಬೆಂಕಿಗೂ ಎಣ್ಣೆಗೂ ಮೊದಲೇ ಆಗಿಬರುವುದಿಲ್ಲ. ಸೀಮೆಎಣ್ಣೆ, ಡೀಸೆಲ್, ಸ್ಪ್ರೇ ಹೊಡೆದ ಜಾಗಕ್ಕೆ ಗ್ಯಾಸ್ ತರುವ ಮುಂಚೆ ಪೂರ್ತಿ ಒರೆಸಿ. ಆಕ್ಸಿಜನ್ ಸಿಲಿಂಡರಿನ ವಾಲ್ವಿಗೆ ಎಣ್ಣೆ ಕೈ ಮುಟ್ಟಿಸಲೇಬಾರದು.

ಪವರ್ ಟಿಲ್ಲರಿನ ಒಂಟಿ ಸಿಲಿಂಡರ್ ಇಂಜಿನ್ನಿನದು ಬೇರೆ ಜಾತಿ. ನಮ್ಮ ರಾಜ್ಯದಲ್ಲೇ ತಯಾರಾಗುವ ವಿಎಸ್‌ಟಿ ಶಕ್ತಿ ಟಿಲ್ಲರು ಎಲ್ಲರಿಗೂ ಗೊತ್ತು, ಜಪಾನಿನ ಮಿತ್ಸುಬಿಷಿ ಕಂಪನಿಯ ಜೊತೆಗೂಡಿ ಶುರುವಾದದ್ದು. ಇಂಥ ಇಂಜಿನ್ನುಗಳಲ್ಲಿ ಫ್ಲೈವೀಲ್ ಕೂರುವುದು ಇಳಿಜಾರಾದ ಶಾಫ್ಟಿನ ಮೇಲೆ, ಒಂದು ಕೀ ಮತ್ತು ದೊಡ್ಡ ನಟ್ಟಿನ ಹಿಡಿತದಲ್ಲಿ. ನಟ್ಟನ್ನು ಪೂರ್ತಿ ತೆಗೆದು ಶಾಫ್ಟಿನ ತುದಿಗೆ ಹೊಡೆದರೆ ಥ್ರೆಡ್ ಅಗಲವಾಗಿ ಆ ನಟ್ಟು ಮತ್ತೆ ಯಾವತ್ತೂ ಹತ್ತುವುದಿಲ್ಲ. ನಟ್ಟನ್ನು ಎರಡು ಮೂರು ಸುತ್ತು ಸಡಿಲಿಸಿ ಶಾಫ್ಟಿನ ಮೇಲೇ ಬಿಡಿ. ಪುಲ್ಲರಿನ ಎರಡು ಬೋಲ್ಟು ಫ್ಲೈವೀಲಿನ ಥ್ರೆಡ್ ತೂತುಗಳಿಗೆ ಆಳಕ್ಕೆ ಹೋಗಲಿ. ನಡುವಿನ ಸ್ಕ್ರೂ ಚೆನ್ನಾಗಿ ಬಿಗಿದ ಮೇಲೆ ಆ ಸ್ಕ್ರೂವಿನ ತಲೆಗೆ ಮಾತ್ರ ಸುತ್ತಿಗೆಯ ಒಂದು ಚುರುಕು ಏಟು. ಟಿಲ್ಲರಿನ ಫ್ಲೈವೀಲ್ ಬಿಚ್ಚುವಾಗ ಸುತ್ತಿಗೆಗೆ ಇರುವ ನ್ಯಾಯವಾದ ಜಾಗ ಇದೊಂದೇ. ಇಳಿಜಾರಿನ ಹಿಡಿತ ಒಮ್ಮೆ ಕಳಚಿದರೆ ಫ್ಲೈವೀಲ್ ಹಾರಿ ಬರುತ್ತದೆ, ಅದನ್ನು ತಡೆಯಲಿಕ್ಕೇ ನಟ್ಟು ಅಲ್ಲಿರಬೇಕು. ಮರಳಿ ಕೂರಿಸುವಾಗ ಆ ಇಳಿಜಾರಿಗೆ ಎಣ್ಣೆ ಗ್ರೀಸು ಹಚ್ಚಬೇಡಿ. ಒಣಗಿದ, ಸ್ವಚ್ಛವಾದ ಮುಖಗಳೇ ಹಿಡಿತ ಕೊಡುವುದು. ಕಲೆ ಬಿದ್ದಿದ್ದರೆ ವಾಲ್ವಿನ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಕೈಯಿಂದ ಅತ್ತಿತ್ತ ತಿರುಗಿಸಿ ಮುಖ ಕೂಡಿಸಿ, ಪೇಸ್ಟನ್ನು ಪೂರ್ತಿ ತೊಳೆದು ಆಮೇಲೆ ಬಿಗಿಯಿರಿ. ಜೀಪಿನ ನೇರ ಫ್ಲೇಂಜಿನಲ್ಲಾದರೆ ಸುತ್ತಂಚಿಗೆ ಮಾತ್ರ, ಮುಖಕ್ಕಲ್ಲ, ತೆಳ್ಳಗೆ ಗ್ರೀಸು ಸವರಬಹುದು, ಮುಂದಿನ ಸಲ ಬಿಚ್ಚುವವರು ನಿಮ್ಮನ್ನು ನೆನೆಯುತ್ತಾರೆ.

ಹಳೇ ನೀರಿನ ಇಂಜಿನ್ನುಗಳ ಮಾತು ಇಲ್ಲಿ ಬರಲೇಬೇಕು. ಮಲಪ್ರಭೆಯ ದಂಡೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿ ಕಬ್ಬಿಣದ ನೇಗಿಲು ಎರೆದರು. ಅವರ ಮನೆತನದವರು 1946ರಲ್ಲಿ ಪುಣೆಯಲ್ಲಿ ಕಟ್ಟಿದ ಕಂಪನಿಯ ಆಯಿಲ್ ಇಂಜಿನ್ನುಗಳು ನಮ್ಮ ಹೊಳೆಸಾಲಿನಲ್ಲಿ ತಲೆಮಾರು ಕಂಡಿವೆ. ಇಂಗ್ಲೆಂಡಿನ ಲಿಸ್ಟರ್ ಮಾದರಿಯ, ಎರಡೂ ಬದಿಗೆ ದೊಡ್ಡ ಚಕ್ರದ ನಿಧಾನ ಇಂಜಿನ್ನುಗಳೂ ಅಲ್ಲಲ್ಲಿ ಉಳಿದಿವೆ. ನಾರಾಯಣಪುರ ಜಲಾಶಯದ ಹಿನ್ನೀರು ಎತ್ತಿ ಸುಮಾರು 24,000 ಹೆಕ್ಟೇರಿಗೆ ಹನಿ ನೀರಾವರಿ ಕೊಡಲೆಂದು ಕಟ್ಟಿದ ರಾಮಥಾಳ-ಮರೋಳ ಏತ ನೀರಾವರಿ ಯೋಜನೆ ಬಂದ ಮೇಲೆ ಅಂಥ ಇಂಜಿನ್ ಮೂಲೆಗೆ ಸರಿಸಿ ಮರೆತವರಿದ್ದರೆ ಅವುಗಳೂ ಒಂದು ದಿನ ನಿಮ್ಮ ಹತ್ತಿರವೇ ಬಂದಾವು. ಲಿಸ್ಟರ್ ಮಾದರಿಯಲ್ಲಿ ಚಕ್ರ ಹಿಡಿದಿರುವುದು ತಲೆಯುಳ್ಳ ಉದ್ದನೆ ಕೀಯಿಂದ, ಅದು 100ಕ್ಕೆ 1ರ ಇಳಿಜಾರಿನ ಬೆಣೆ. ಚಕ್ರಕ್ಕೆ ಎಷ್ಟು ಹೊಡೆದರೂ ಪ್ರಯೋಜನವಿಲ್ಲ, ಮೊದಲು ಕೀ ಬರಬೇಕು. ಕೀಯ ತಲೆ ಮತ್ತು ಚಕ್ರದ ನಡುವಿನ ಸಂದಿಗೆ ಎರಡು ಬೆಣೆಗಳನ್ನು ಎದುರುಬದುರಾಗಿ ಇಟ್ಟು ನಿಧಾನವಾಗಿ ಬಡಿಯುತ್ತ ಬನ್ನಿ. ಚಕ್ರದ ಕೆಳಗೆ ಮರದ ದಿಮ್ಮಿ ಇರಲಿ, ಅದು ಒಬ್ಬರ ಕೈಗೆ ನಿಲ್ಲುವ ತೂಕವಲ್ಲ.

ಫ್ಲೈವೀಲ್ ಹೊರಬಂದ ಮೇಲಿನ ಒಂದು ಕೆಲಸವನ್ನು ಯಾರೂ ಬಿಡಬಾರದು. ಅದನ್ನು ಹಗ್ಗದಲ್ಲಿ ತೂಗಹಾಕಿ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೇಳಿ. ಇಡಿಯಾಗಿದ್ದರೆ ದನಿ ಎಳೆದುಕೊಂಡು ನಿಲ್ಲುತ್ತದೆ, ಬಿರುಕಿದ್ದರೆ ಮೊಟಕಾಗುತ್ತದೆ. ಕಿವಿಯೊಂದನ್ನೇ ನಂಬಬೇಡಿ. ಮುಖವನ್ನು ಸ್ವಚ್ಛ ಮಾಡಿ, ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು, ಒಣ ಅರಿವೆಯಿಂದ ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿ. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಬಿಳಿ ಸುಣ್ಣದ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ. ರೈಲ್ವೆ ಕಾರ್ಖಾನೆಗಳಲ್ಲಿ ಅಚ್ಚುಗಳನ್ನು ಬಹಳ ಕಾಲ ಹೀಗೇ ನೋಡುತ್ತಿದ್ದರು. ಬೋಲ್ಟಿನ ತೂತುಗಳ ನಡುವೆ, ಡೋವೆಲ್ ತೂತಿನ ಮೂಲೆಯಲ್ಲಿ ಚೆನ್ನಾಗಿ ನೋಡಿ. ಕ್ಲಚ್ ಮುಖದಲ್ಲಿ ಬಿಸಿಗೆ ಎದ್ದ ಕೂದಲೆಳೆಯಂಥ ಗೆರೆಗಳಿದ್ದರೆ ಲೇಥಿನಲ್ಲಿ ತೆಳ್ಳಗೆ ಕಡೆಸಿದಾಗ ಹೋಗುತ್ತವೆಯೇ ನೋಡಿ. ತೂತಿನಿಂದ ಹೊರಟ ಗೆರೆ ಒಂದೇ ಒಂದಿದ್ದರೂ ಆ ಫ್ಲೈವೀಲ್ ಗುಜರಿಗೆ. ಬೀಡಿಗೆ ವೆಲ್ಡಿಂಗ್ ಹಾಕಿ ತಿರುಗಲು ಬಿಡುವ ಮಾತು ಯಾರಾದರೂ ಆಡಿದರೆ ಒಪ್ಪಬೇಡಿ.

ಗಾಡಿಯ ಮಾಲಕರಿಗೂ ಒಂದೆರಡು ಮಾತು, ಈ ಪತ್ರವನ್ನು ನೀವೇ ಅವರಿಗೆ ಓದಿ ಹೇಳಿ. ಟ್ರ್ಯಾಕ್ಟರನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕ್ಲಚ್ ಪೆಡಲ್ ಒತ್ತಿ ಲಾಕ್ ಹಾಕಿ, ಇಲ್ಲವೇ ಕಟ್ಟಿಗೆಯ ತುಂಡು ಆನಿಸಿಡಿ. ಪ್ಲೇಟು ಫ್ಲೈವೀಲಿನಿಂದ ದೂರ ನಿಂತರೆ ಎರಡಕ್ಕೂ ಸೇರಿ ತುಕ್ಕು ಹಿಡಿಯುವುದಿಲ್ಲ. ಬೆಲ್ ಹೌಸಿಂಗಿನ ತಳದ ಕಿಂಡಿಯ ಕೆಸರು ತೆಗೆಯಿರಿ. ಮಿಸ್ತ್ರಿ “ನಾಳೆ ಬರ್ರಿ” ಎಂದರೆ ಕೆಲಸ ಬರುವುದಿಲ್ಲ ಅಂತಲ್ಲ, ಎಣ್ಣೆ ಇಳಿಯಲು, ಹಿಡಿತ ಸಡಿಲಾಗಲು ಹೊತ್ತು ಬೇಕು. ಆ ಹೊತ್ತಿಗೂ ಕೂಲಿ ಕೊಡಿ. ಅರ್ಧ ದಿನದ ಕೂಲಿ ಉಳಿಸಲು ಹೋಗಿ ಒಡೆದ ಫ್ಲೈವೀಲಿನ ಗಾಡಿಯಲ್ಲಿ ಕೂರುವವರು ನೀವು, ಇಲ್ಲವೇ ನಿಮ್ಮ ಮಗ.

ಮಿಸ್ತ್ರಿಗಳೇ, ಒಂದು ಕೇಳಿಕೆ ಉಳಿದಿದೆ. ಒಳ್ಳೇ ಪುಲ್ಲರ್ ಎಲ್ಲ ಗ್ಯಾರೇಜಿನಲ್ಲೂ ಇಲ್ಲದ್ದರಿಂದಲೇ ಘನ ಹೊರಬರುತ್ತದೆ. ಹುನಗುಂದದಲ್ಲೊಂದು, ಇಳಕಲ್ಲಿನಲ್ಲೊಂದು, ಮರೋಳ ಸುತ್ತಿನ ಊರುಗಳಿಗೆ ಸೇರಿ ಒಂದು ಪೆಟ್ಟಿಗೆ ಕಟ್ಟಿಡಬಹುದಲ್ಲ? 16 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿಯಲ್ಲಿ ಬೇರೆ ಬೇರೆ ಅಂತರಕ್ಕೆ ಹೊಂದುವ ಹಾಗೆ ಉದ್ದನೆ ತೂತು ಕೊರೆಸಿ, ನಡುವೆ ಸಣ್ಣ ಥ್ರೆಡ್ಡಿನ ಗಟ್ಟಿ ಸ್ಕ್ರೂ ಹಾಕಿಸಿದರೆ ನಮ್ಮ ಲೇಥಿನವರೇ ಮಾಡಿಕೊಡುತ್ತಾರೆ. ಬೋಲ್ಟುಗಳು ಮಾತ್ರ ತಲೆಯ ಮೇಲೆ 8.8 ಅಥವಾ 10.9 ಎಂದು ಬರೆದವೇ ಇರಲಿ, ಸಾದಾ ಬೋಲ್ಟು ಈ ಬಿಗಿಗೆ ಜಗ್ಗಿ ಹೋಗುತ್ತದೆ. ಪೆಟ್ಟಿಗೆಯಲ್ಲಿ ಒಂದು ನೋಟ್‌ಬುಕ್ ಕೂಡ ಇಡಿ. ಯಾವ ಇಂಜಿನ್ನಿಗೆ ಯಾವ ಥ್ರೆಡ್, ತೂತುಗಳ ಅಂತರ ಎಷ್ಟು, ಎಷ್ಟು ಬಿಗಿಯಬೇಕು ಎಂದು ಕಂಪನಿಯ ಪುಸ್ತಕ ನೋಡಿ ಬರೆದಿಡಿ. ನಿಮ್ಮಲ್ಲಿ ಈಗಾಗಲೇ 540ರ ಫ್ಲೈವೀಲ್ ಬಿಚ್ಚಿ ಅಳತೆ ತೆಗೆದುಕೊಂಡವರಿದ್ದಾರೆ, ಮೊದಲ ಪುಟ ಅವರೇ ಬರೆಯಲಿ.

ಇಂತಿ ನಿಮ್ಮವ,
ಹುನಗುಂದ ಸೀಮೆಯ ಒಬ್ಬ ಹಳೇ ಇಂಜಿನ್ ಮಿಸ್ತ್ರಿ